ಕಾವು ತಟ್ಟದ ಕೈ

ಫೆಜ್, ಮೊರಾಕ್ಕೊ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಸ್ಫೂರ್ತಿ,

ನಿನಗೂ ಪುಟ್ಟಿಗೂ ಅವ್ವನ ಆಶೀರ್ವಾದ. ನೀನು ಮಾತು ಬಿಟ್ಟು ಎರಡು ತಿಂಗಳಾಯಿತು, ಆದರೂ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನಿಮ್ಮತ್ತೆ ಸ್ಪೀಕರ್ ಹಾಕಿಸಿಕೊಂಡು ಕೇಳುತ್ತಾರೆ. ಇದು ಅವರ ಕಿವಿಗೆ ಬೀಳಬಾರದ ಮಾತು.

ಹಂಪಿಯಲ್ಲಿ ಸುಮಲತಾಳ ಗೆಸ್ಟ್‌ಹೌಸಿಗೆ ಬರುವ ವಿದೇಶಿಯರಿಗೆ ರೊಟ್ಟಿ ಬಡಿಯಲು ಕಲಿಸುವ ನಾನು ಇಲ್ಲಿ ಕಲಿಯುವವಳಾಗಿದ್ದೇನೆ. ಅಡುಗೆ ಕಲಿಯುವ ಪ್ರವಾಸವೆಂದು ಅವಳೇ ಕರೆತಂದಳು. ಜೋಹ್ರಾ ಎಂಬಾಕೆಯ ಮನೆಯಲ್ಲಿ ಪಾಠ. ನನ್ನದೇ ವಯಸ್ಸು, ನನ್ನಷ್ಟೇ ಬಾಯಿ. ಮೊದಲ ದಿನ ನಿಂಬೆಹಣ್ಣನ್ನು ಬರೀ ಉಪ್ಪಿಗೆ ಹಾಕಿಸಿದಳು. ಖಾರವಿಲ್ಲ, ಒಗ್ಗರಣೆಯಿಲ್ಲ, ಇದೆಂಥ ಉಪ್ಪಿನಕಾಯಿ ಎಂದು ಮೂಗು ಮುರಿದೆ. ಅವಳ ಹಳೆಯ ಭರಣಿಯದನ್ನು ತಿಂದ ಮೇಲೆ ಬಾಯಿ ಮುಚ್ಚಿಕೊಂಡೆ.

ಇವತ್ತು ಕುಸ್‌ಕುಸ್. ರವೆಗೆ ನೀರು ಚಿಮುಕಿಸಿ, ಅಗಲವಾದ ಪರಾತದಲ್ಲಿ ಅಂಗೈಯಿಂದ ಉಜ್ಜಿ ಉಜ್ಜಿ ಸಾಸಿವೆಯಷ್ಟು ಕಾಳು ಮಾಡಬೇಕು. ಹಬೆಯಲ್ಲಿ ಬೇಯಿಸಿ, ಮತ್ತೆ ಪರಾತಕ್ಕೆ ಸುರಿದು, ಸುಡುಸುಡು ಇರುವಾಗಲೇ ಗಂಟು ಬಿಡಿಸಬೇಕು. ಸುಮಲತಾ ಕೈಯಿಟ್ಟವಳೇ ಹೌಹಾರಿ ತೆಗೆದಳು. ಜೋಹ್ರಾ ಕೂಡ ಬೆರಳಿಗೆ ಗಾಳಿ ಊದಿಕೊಳ್ಳುತ್ತಾ ಬಿಡಿಸುತ್ತಿದ್ದಳು. ನಾನು ಮೈಮರೆತು ಎರಡೂ ಕೈಯಿಟ್ಟು ಒಂದೇ ಸಮ ಬಿಡಿಸಿದೆ. ‘ನಮ್ ಗಂಗಕ್ಕಂದು ರೊಟ್ಟಿ ಬಡ್ದ ಕೈ, ಕಾವು ತಟ್ಟಂಗಿಲ್ಲ’ ಎಂದು ಸುಮಲತಾ ಬೆನ್ನು ತಟ್ಟಿದಳು.

ನೀನೂ ಹಾಗೇ ಹೇಳುತ್ತಿದ್ದೆ. ನಾನೂ ಬೀಗುತ್ತಿದ್ದೆ. ರೊಟ್ಟಿ ಬಡಿದ ಕೈ ಇರುವುದೇ ಹೀಗೆ ಎಂದು ಎರಡು ತಿಂಗಳಿಂದ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ಜನ್ಮವಿಡೀ ಒಲೆಯ ಮುಂದಿದ್ದ ಜೋಹ್ರಾಳ ಕೈಗೂ ಬಿಸಿ ತಟ್ಟಿತಲ್ಲ, ಆ ಸಮಾಧಾನವೂ ಹೋಯಿತು. ಅವಳು ನನ್ನ ಬಲಗೈ ತಿರುಗಿಸಿ ನೋಡಿದಳು. ಕಿರುಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು, ನೋವೇ ಇರಲಿಲ್ಲ. ಬಳೆ ಸರಿಸಿ, ಅದರಡಿ ನಾನು ಮುಚ್ಚಿಟ್ಟಿದ್ದ ಬಿಳಚು ಮಚ್ಚೆಯನ್ನೂ ನೋಡಿದಳು. ಬಳೆಯನ್ನು ಮತ್ತೆ ಇದ್ದಲ್ಲಿಗೇ ತಂದಳು.

ಶುಕ್ರವಾರ ಇಲ್ಲಿ ಎಲ್ಲರೂ ಒಂದೇ ದೊಡ್ಡ ತಟ್ಟೆಗೆ ಕೈಹಾಕಿ ಉಣ್ಣುತ್ತಾರೆ. ನನಗಾಗಿ ಮಾಂಸ ಬಿಟ್ಟು ಕುಂಬಳ, ಗಜ್ಜರಿ, ಕಡಲೆ ಹಾಕಿದ್ದರು. ಕುಳಿತವಳಿಗೆ ಕಂಪ್ಲಿಯ ಮನೆಯ ಹಿತ್ತಲು ನೆನಪಾಯಿತು. ನಮ್ಮಜ್ಜಿ ವಿರುಪಮ್ಮನಿಗೆ ಕುಷ್ಠವೆಂದು ತಿಳಿದಾಗ ಮೊದಲು ಅವಳ ತಟ್ಟೆ ಬೇರೆಯಾಯಿತು, ಆಮೇಲೆ ಹಿತ್ತಲಲ್ಲಿ ಕೋಣೆ. ಅವಳು ಸತ್ತಾಗ ಆ ತಟ್ಟೆಯನ್ನು ಹೊಳೆಗೆ ಎಸೆದದ್ದನ್ನು ನಾನೇ ನೋಡಿದ್ದೇನೆ. ಇವತ್ತು ನನಗೆ ಒಪ್ಪತ್ತು ಎಂದುಬಿಟ್ಟೆ. ‘ಸೋಮಾರ ಬಿಟ್ಟು ಶುಕ್ರಾರ ಎಂಥಾ ಒಪ್ಪತ್ತು, ಅಕ್ಕ?’ ಎಂದಳು ಸುಮಲತಾ. ತಟ್ಟೆಯಲ್ಲಿ ತಮ್ಮ ತಮ್ಮ ಮುಂದಿನದನ್ನಷ್ಟೇ ತಿನ್ನುವುದು ಇಲ್ಲಿನ ರೀತಿ. ನನ್ನ ಮುಂದಿನ ಪಾಲನ್ನು ಜೋಹ್ರಾ ಯಾರಿಗೂ ಮುಟ್ಟಗೊಡಲಿಲ್ಲ. ಅದು ಅಲ್ಲೇ ಆರಿತು.

ಪುಟ್ಟಿಗೆ ಮೊದಲ ಅನ್ನ ಉಣಿಸುವ ದಿನ ನಾನು ಚಮಚ ಹಿಡಿದದ್ದು ಇದಕ್ಕೇ. ‘ಊರ ಮಂದಿಗೆಲ್ಲ ಕೈಲೆ ಉಣಸ್ತಿ, ನನ್ ಮಗಳನ್ನ ಮುಟ್ಟಾಕ ಬ್ಯಾಡಾತೇನು ನಿನಗ?’ ಎಂದು ನಿಮ್ಮ ದೋಣಿಮಲೈ ಗಣಿ ಕ್ವಾರ್ಟರ್ಸಿನ ಎಲ್ಲರ ಮುಂದೆ ಅತ್ತುಬಿಟ್ಟೆ ನೀನು. ನಾನು ತಲೆ ತಗ್ಗಿಸಿ ಬಸ್ ಹತ್ತಿದೆ.

ಗುಳಿಗೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ ಎಂದು ಹೊಸಪೇಟೆಯ ದವಾಖಾನೆಯ ಗೋಡೆಯ ಮೇಲೆ ಬರೆದಿದ್ದಾರೆ. ಎರಡು ಸಲ ಹೋಗಿ, ಗೋಡೆ ಓದಿಕೊಂಡು ವಾಪಸು ಬಂದಿದ್ದೇನೆ. ಒಳಗೆ ಹೋದರೆ ಹೆಸರು ಹಿಡಿದು ಕರೆಯುತ್ತಾರೆ, ಪರಿಚಯದವರು ಯಾರಾದರೂ ಇದ್ದೇ ಇರುತ್ತಾರೆ. ನನಗೆ ರೋಗಕ್ಕಿಂತ ಆ ಬೇರೆ ತಟ್ಟೆಯ ಭಯ, ಸ್ಫೂರ್ತಿ. ರಾತ್ರಿ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಈ ಸಲ ಒಳಗೆ ಹೋಗಲೇಬೇಕು. ನೀನು ಜೊತೆಗೆ ಬರುತ್ತೀಯಾ?

ಊರಿಗೆ ಬಂದ ದಿನವೇ ಈ ಪತ್ರವನ್ನು ನಿಮ್ಮ ಕಂಪನಿ ಬಸ್ಸಿನಲ್ಲಿ ಕಳಿಸುತ್ತೇನೆ. ನೀನು ಕರೆಯುವ ತನಕ ನಿಮ್ಮ ಮನೆಗೆ ಬರುವುದಿಲ್ಲ.

ನಿನ್ನ ದಾರಿ ಕಾಯುವ ಅವ್ವ,
ಗಂಗಾಂಬಿಕಾ

ತಾ.ಕ.: ಒಂದು ಮಾತು ಬರೆಯದೆ ಮುಚ್ಚಿಡೋಣವೆಂದಿದ್ದೆ, ಆಗಲಿಲ್ಲ. ಅನ್ನ ಉಣಿಸುವ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಪುಟ್ಟಿ ಅಳುತ್ತಿದ್ದಳು. ನನ್ನ ಕಿರುಬೆರಳನ್ನು ಬಾಯಿಗಿಟ್ಟುಕೊಂಡು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಅವಳ ತುಟಿಯ ಮೇಲೆ ರಕ್ತ ಕಂಡು, ಮಗುವಿಗೇನೋ ಆಯಿತೆಂದು ಬಾಯಿ ತೆರೆಸಿ ನೋಡಿದೆ. ಹೊಸ ಹಲ್ಲಿನಿಂದ ಕಚ್ಚಿದ್ದಳು. ರಕ್ತ ನನ್ನದಾಗಿತ್ತು. ನೀನು ಬರುವಷ್ಟರಲ್ಲಿ ಒರೆಸಿಬಿಟ್ಟೆ. ದವಾಖಾನೆಗೆ ಬರುವಾಗ ಅವಳನ್ನೂ ಕರೆದುಕೊಂಡು ಬಾ.