ಇನ್ನೂ ಮಂಜೇ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಬೆಟ್ಟದಿಂದ ವಾಪಸು ಬಂದು ನಾಲ್ಕು ದಿನವಾಯಿತು, ಈ ಪುಟ್ಟಿ ಒಂದು ಸುದ್ದಿಯನ್ನೂ ಮುಟ್ಟಿಸಲಿಲ್ಲ ಎಂದು ಬೈದುಕೊಳ್ಳುತ್ತಿರುತ್ತೀಯ. ಬೈದುಕೋ. ಫೋನ್ ಮಾಡಬಹುದಿತ್ತಲ್ಲ ಅಂತ ಮಾತ್ರ ಅನ್ನಬೇಡ. ನಮ್ಮದು ಎರಡು ಕೋಣೆಯ ಮನೆ, ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಇವರಿಗೆ ಕೇಳಿಸುತ್ತದೆ. ಕಣ್ಣು ಹೋದಷ್ಟೂ ಕಿವಿ ಚುರುಕಾಗಿದೆ. ಪೆನ್ನು ಓಡುವ ಸದ್ದಿನಿಂದ ಏನು ಬರೆಯುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಈಗ ಕೇಳಿದರು, ಏನು ಬರೀತಿದ್ದೀಯ ಅಂತ. ಅಕ್ಕನಿಗೆ ಪ್ರವಾಸದ ಕಥೆ ಅಂದೆ. ಅದು ಸುಳ್ಳೇನಲ್ಲ.

ಮೊದಲು ನೀನು ನಗುವ ವಿಷಯ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಹುಡುಗಿ ತನ್ನ ಬೆನ್ನಿಗೆ ಕಟ್ಟುವ ಚೀಲಗಳನ್ನು ಕೊಟ್ಟಿದ್ದಳು, ಇವರಿಗೆ ಕೆಂಪು, ನನಗೆ ಹಸಿರು. ಇವರ ಒಂದು ಕೈಗೆ ಕೋಲು ಬೇಕು, ಇನ್ನೊಂದು ಕೈಗೆ ನನ್ನ ಭುಜ ಬೇಕು, ಪೆಟ್ಟಿಗೆ ಹಿಡಿಯುವುದು ಯಾರು? ಚೀಲದಲ್ಲಿ ಇಪ್ಪತ್ತು ಪಟ್ಟಿ, ಮೂವತ್ತು ಬಕಲ್ಲು. ಯಾವುದನ್ನು ಎಲ್ಲಿಗೆ ಸಿಕ್ಕಿಸಬೇಕೋ ತಿಳಿಯದೆ ಬಸ್ ನಿಲ್ದಾಣದಲ್ಲಿ ನಾನು ನನ್ನ ಪಟ್ಟಿಯನ್ನು ಬೆಂಚಿನ ಕಂಬಿಗೇ ಸಿಕ್ಕಿಸಿಕೊಂಡು ಎದ್ದೆ. ಐವತ್ತಾರು ವರ್ಷದ ಹೆಂಗಸು ಬೆಂಚಿಗೆ ಕಟ್ಟಿದ ಎಮ್ಮೆಯ ಹಾಗೆ ಜಗ್ಗುತ್ತಿದ್ದರೆ, ಇವರು ಬಸ್ಸು ಬಂತಾ, ಬಸ್ಸು ಬಂತಾ ಅಂತ ಗಾಳಿಗೆ ಕೇಳುತ್ತಿದ್ದರು.

ಈಗ ನಗದಿರುವ ವಿಷಯ. ಇವರ ಕಣ್ಣಿನ ಆಪರೇಷನ್ನಿಗೆ ತಾರೀಕು ಕೊಟ್ಟಿದ್ದಾರೆ ಅಂತ ಹೋದ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ತಾರೀಕೂ ಇಲ್ಲ, ಆಪರೇಷನ್ನೂ ಇಲ್ಲ. ಎರಡು ವರ್ಷದ ಹಿಂದೆ ಇವರು ಕಣ್ಣು ಯಾಕೋ ಮಂಜು ಮಂಜು ಅಂದಾಗ ನಾವೆಲ್ಲ ಏನು ಹೇಳಿದೆವು, ನೆನಪಿದೆಯಾ? ನೀನು, ನಾನು, ಎದುರುಮನೆಯಾಕೆ, ಎಲ್ಲರದೂ ಒಂದೇ ರಾಗ: ಪೊರೆ ಅದು, ಇನ್ನೂ ಹಸಿ ಇದೆ, ಬಲೀಲಿ, ಬಲಿತ ಮೇಲೆ ತೆಗೆಸಿದರಾಯಿತು. ಮಾವಿನಕಾಯಿ ಹಣ್ಣಿಗೆ ಹಾಕಿ ಕಾದ ಹಾಗೆ ಕಾದೆವು. ಕೊನೆಗೆ ಡಾಕ್ಟರು ದೀಪ ಹಿಡಿದು ನೋಡಿ, ಪೊರೆ ಎಲ್ಲಿದೆಯಮ್ಮಾ ಇಲ್ಲಿ ಅಂದರು. ಕಣ್ಣೊಳಗಿನ ಒತ್ತಡ ಏರಿ ಏರಿ ನರವೇ ಒಣಗಿಹೋಗಿದೆಯಂತೆ. ಹೋದದ್ದು ಬರುವುದಿಲ್ಲ, ಉಳಿದಿರುವ ಚೂರೂ ಹೆಚ್ಚು ದಿನ ನಿಲ್ಲುವುದಿಲ್ಲವಂತೆ. ಎರಡು ವರ್ಷ ಏನ್ ಮಾಡ್ತಿದ್ರಿ ಅಂತ ಕೇಳಿದರು. ಬಲಿಯಲಿ ಅಂತ ಕಾಯುತ್ತಿದ್ದೆವು ಅಂತ ಹೇಗೆ ಹೇಳಲಿ ಅಕ್ಕ? ನಿನ್ನನ್ನು ದೂರುತ್ತಿಲ್ಲ. ದೂರುವುದಾದರೆ ಮೊದಲು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಮನೆಗೆ ಬಂದ ಮೇಲೆ ಇವರು ಒಂದೇ ಮಾತು ಕೇಳಿದ್ದು, ಆ ಬೆಟ್ಟಕ್ಕೆ ಹೋಗಿಬರೋಣ್ವಾ ಅಂತ. ನಿನಗೆ ಗೊತ್ತಲ್ಲ, ಮೂವತ್ತಮೂರು ವರ್ಷ ನಕ್ಷೆಯ ಕಚೇರಿಯಲ್ಲಿ ಕೂತು ಗೆರೆ ಎಳೆದವರು. ಅಳೆದವರು ಅಂಕಿ ತಂದುಕೊಡುತ್ತಿದ್ದರು, ಇವರು ಅದನ್ನು ನೋಡಿಕೊಂಡು ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸುತ್ತ ಕಂದು ಗೆರೆ ಎಳೆಯುತ್ತಿದ್ದರು. ಆ ಒಂದು ಬೆಟ್ಟದ ಹಾಳೆಗೆ ಹನ್ನೊಂದು ತಿಂಗಳು ಹಿಡಿದಿತ್ತು. ಎಷ್ಟೋ ಬೆಟ್ಟ ಬರೆದರು, ಹತ್ತಿರದಿಂದ ನೋಡಿದ್ದು ಒಂದೂ ಇಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರೆ, ನನ್ನ ಬೆಟ್ಟ ನುಣ್ಣಗಿಲ್ಲ ಕಣೇ, ಉತ್ತರದ ಕಡೆ ಎಷ್ಟು ಕಡಿದಾಗಿದೆ ಅಂದ್ರೆ ಗೆರೆಗೂ ಗೆರೆಗೂ ನಡುವೆ ನಿಬ್ಬು ಇಡೋಕೆ ಜಾಗ ಇರ್ಲಿಲ್ಲ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು.

ಹೊರಡುವ ದಿನ ಬೂಟಿನ ದಾರ ಕಟ್ಟಿಸಿಕೊಳ್ಳುತ್ತ ನನ್ನ ಕೈ ಹಿಡಿದುಕೊಂಡರು. ಇನ್ಮೇಲೆ ನಿನ್ನ ಕಣ್ಣೇ ನನಗೆ ಗತಿ, ಇದ್ದದ್ದು ಇದ್ದ ಹಾಗೆ ಹೇಳ್ಬೇಕು, ಬೇಜಾರಾಗುತ್ತೆ ಅಂತ ಬಣ್ಣ ಹಚ್ಬಾರ್ದು, ನಕ್ಷೇಲಿ ಒಂದು ಗೆರೆ ಸುಳ್ಳಾದ್ರೆ ಇಡೀ ಹಾಳೆ ಸುಳ್ಳು ಅಂದರು. ಆಯ್ತು ಅಂದೆ. ಮಾತು ಕೊಡುವುದಕ್ಕೆ ಏನು ಕಷ್ಟ?

ಆ ಊರೋ, ಒಂದೇ ಬೀದಿ. ಒಂದು ಅಂಚೆ ಕಚೇರಿ, ಒಂದು ದರ್ಜಿ ಅಂಗಡಿ, ಮುಚ್ಚಿದ ಸಿನಿಮಾ ಮಂದಿರ. ಆರು ಕೋಣೆಯ ಲಾಡ್ಜು, ಅದರಲ್ಲಿ ಗಿರಾಕಿಗಳು ನಾವಿಬ್ಬರೇ. ಲಾಡ್ಜಿನಮ್ಮ ಒಳ್ಳೆಯ ಹೆಂಗಸು, ಆದರೆ ಬಾಯಿ ಬಿಟ್ಟರೆ ಮೂರು ಬೀದಿಗೆ ಕೇಳಬೇಕು. ನಾವು ಇಳಿದಾಗ ಮಂಜೆಂದರೆ ಮಂಜು, ನನ್ನ ಕೈ ನನಗೇ ಕಾಣದು. ಮಧ್ಯಾಹ್ನವೇ ಬೀದಿ ದೀಪ ಹಾಕಿದ್ದರು. ಜನ ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಯಾರೋ ಒಬ್ಬರು ಇವರಿಗೆ ಢಿಕ್ಕಿ ಹೊಡೆದು, ಕ್ಷಮಿಸಿ ಸಾರ್, ಕಾಣ್ಲಿಲ್ಲ ಅಂದರು. ನನಗೂ ಕಾಣ್ಲಿಲ್ಲ ಬಿಡಿ ಅಂದು ಇವರು ಎಷ್ಟು ನಕ್ಕರು ಅಂತೀಯ! ಆ ನಗು ಕೇಳಿ ಒಂದು ವರ್ಷವಾಗಿತ್ತು.

ತಾವೇ ಎಳೆದ ಆ ಹಾಳೆಯ ನೆನಪಿನಿಂದ ಎರಡು ದಿನ ಇವರೇ ನನ್ನನ್ನು ನಡೆಸಿದರು ಅಕ್ಕ. ನಲವತ್ತು ಹೆಜ್ಜೆ ಆದ್ಮೇಲೆ ಇಳಿಜಾರು, ಎಡಕ್ಕೆ ತಿರುಗು, ಅಲ್ಲೊಂದು ತೊರೆ ಸಿಗುತ್ತೆ ಅನ್ನುವರು. ಸಿಗುತ್ತಿತ್ತು! ಬೆನ್ನಿಗೆ ಚೀಲ ಹೊತ್ತ ಇಬ್ಬರು ಪರವೂರಿನವರು ದಾರಿ ತಪ್ಪಿ ಬಂದರೆ, ಇವರು ಬಸ್ ನಿಲ್ದಾಣದವರೆಗೂ ಬಿಟ್ಟುಬಂದರು. ಕುರುಡರೊಬ್ಬರು ದಾರಿ ತೋರಿಸಿದರು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಶಿಖರ ಅಲ್ಲಿರ್ಬೇಕು ಅಂತ ಬಿಳಿ ಮಂಜಿನೊಳಕ್ಕೆ ಕೈ ತೋರಿಸುವರು. ನಾಳೆ ಮಂಜು ಸರಿದರೆ ಒಂದು ಅಂಚಾದರೂ ಕಂಡೀತು, ಬಲಗಣ್ಣಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ದೃಷ್ಟಿ ಇದೆ ಅನ್ನುವರು. ಎರಡೂ ದಿನ ವರಾಂಡಕ್ಕೆ ಬಂದಾಗಲೆಲ್ಲ ಅದೇ ಪ್ರಶ್ನೆ, ಮಂಜು ಹಾಗೇ ಇದೆಯಾ ಅಂತ.

ಮೂರನೆಯ ದಿನ, ಹೊರಡುವ ದಿನ, ನಾನು ಎದ್ದು ಬರುವಷ್ಟರಲ್ಲಿ ಇವರು ಆಗಲೇ ವರಾಂಡದಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಾನು ತಲೆ ಎತ್ತಿದೆ. ಒಂದು ಎಳೆ ಮಂಜಿಲ್ಲ. ಬೆಟ್ಟ ಇಡಿಯಾಗಿ ಎದುರಿಗೆ ನಿಂತಿತ್ತು, ಕೈಗೆಟಕುವ ಹಾಗೆ, ಎರಡು ದಿನದಿಂದ ಇವರು ಎಲ್ಲಿ ಕೈ ತೋರಿಸುತ್ತಿದ್ದರೋ ಸರಿಯಾಗಿ ಅಲ್ಲೇ. ಉತ್ತರದ ಕಡೆ ಗೋಡೆಯ ಹಾಗೆ ಕಡಿದಾಗಿತ್ತು. ಬಿಸಿಲು ಇನ್ನೂ ನಮ್ಮ ವರಾಂಡಕ್ಕೆ ಇಳಿದಿರಲಿಲ್ಲ, ಶಿಖರದ ಮೇಲೆ ಮಾತ್ರ ಇತ್ತು. ಇವರ ಮುಖ ನೇರ ಅದರ ಕಡೆಗೇ ಇತ್ತು, ಕಣ್ಣು ಅಗಲವಾಗಿ ತೆರೆದಿತ್ತು.

ಇನ್ನೂ ಮಂಜೇನಾ ಅಂತ ಕೇಳಿದರು.

ಇಲ್ಲ ಅಂದರೆ, ಆ ಮೂಲೆಯ ಚೂರೂ ಹೋಗಿದೆ ಅಂತ ನಾನೇ ಬಾಯಿಬಿಟ್ಟು ಹೇಳಿದ ಹಾಗೆ. ಹೌದು, ಇನ್ನೂ ಮಂಜೇ, ನಿನ್ನೆಗಿಂತ ಜಾಸ್ತಿ ಅಂದೆ. ಇವರು ಉಸಿರು ಬಿಟ್ಟರು. ಹಾಗಾದ್ರೆ ಸರಿ, ನನ್ನ ಕಣ್ಣಿಗೇ ಏನೋ ಆಯ್ತು ಅಂದ್ಕೊಂಡೆ ಅಂದರು. ನಕ್ಕರು ಕೂಡ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಲಾಡ್ಜಿನಮ್ಮ ಎದ್ದು ಬಂದು ಬಾಯಿ ತೆರೆಯುವ ಮೊದಲು ಹೊರಡಬೇಕು ಅಂತ, ಬೀಗದ ಕೈ ಮೇಜಿನ ಮೇಲಿಟ್ಟು ಕಳ್ಳರ ಹಾಗೆ ಇವರನ್ನು ಎಳೆದುಕೊಂಡು ಬಸ್ಸು ಹತ್ತಿದೆ. ಕಿಟಕಿ ಬೇಕೆಂದರು, ಕೂರಿಸಿದೆ. ಒಂದೂವರೆ ಗಂಟೆ ಆ ಬೆಟ್ಟ ಕಿಟಕಿಯಾಚೆ ಇವರ ಮೂಗಿನ ನೇರಕ್ಕೇ ಬಂತು. ನಾನು ಒಬ್ಬಳೇ ನೋಡಿದೆ. ನೋಡಬಾರದು ಅಂದುಕೊಂಡರೂ ನೋಡಿದೆ.

ಈಗ ಇವರದು ಒಂದೇ ಹಟ: ಮುಂದಿನ ವರ್ಷ ಮಂಜಿಲ್ಲದ ತಿಂಗಳು ನೋಡಿಕೊಂಡು ಮತ್ತೆ ಹೋಗಬೇಕು. ಅಷ್ಟರಲ್ಲಿ ಏನು ಉಳಿದಿರುತ್ತದೆ, ನೀನೇ ಹೇಳು. ಆಗಲೂ ನಾನು ಅದನ್ನೇ ಹೇಳಬೇಕು. ನೀನು ಫೋನ್ ಮಾಡಿದಾಗ ಇವರಿಗೆ, ಪಾಪ, ಮೂರು ದಿನವೂ ಏನೂ ಕಾಣಲಿಲ್ಲವಂತೆ ಅಂದುಬಿಡು. ಇಷ್ಟು ಉಪಕಾರ ಮಾಡು. ಬಲಿಯಲಿ ಅಂತ ಇಬ್ಬರೂ ಸೇರಿಯೇ ಹೇಳಿದೆವು, ಇದನ್ನೂ ಇಬ್ಬರೂ ಸೇರಿಯೇ ಹೇಳೋಣ.

ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿರು. ನನ್ನ ಬಗ್ಗೆ ಚಿಂತೆ ಮಾಡಬೇಡ ಅಂತ ಬರೆಯಬೇಕು, ಬರೆಯಲಾರೆ.

ನಿನ್ನ
ಪುಟ್ಟಿ

ಮರೆತ ಮಾತು (ಶುಕ್ರವಾರ): ಕಾಗದವನ್ನು ಅಂಚೆಗೆ ಹಾಕಿರಲಿಲ್ಲ. ನೀನು ಇನ್ನು ಯಾವ ಸುಳ್ಳೂ ಹೇಳಬೇಕಾಗಿಲ್ಲ. ನಿನ್ನೆ ನಾನು ತಾರಸಿಯಲ್ಲಿ ಬಟ್ಟೆ ಒಣಹಾಕಿ ಇಳಿದು ಬರುವಾಗ ಇವರು ಫೋನಿನಲ್ಲಿದ್ದರು. ಯಾವ ತಿಂಗಳು ಮಂಜು ಇರುವುದಿಲ್ಲ ಅಂತ ಲಾಡ್ಜಿನಮ್ಮನನ್ನು ಕೇಳುತ್ತಿದ್ದರು. ಅಯ್ಯೋ, ನೀವು ಹೊರಟ ದಿನ ಬೆಳಿಗ್ಗೆ ಬೆಟ್ಟ ಕನ್ನಡಿ ಹಾಗೆ ಕಾಣ್ತಿತ್ತಲ್ಲ ಸಾರ್, ವಾರಗಟ್ಟಲೆ ಕೂತವರಿಗೂ ಸಿಗಲ್ಲ, ಪುಣ್ಯವಂತರು ನೀವು ಅಂತ ಆಕೆ ಅಂದದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಇವರು, ಹೌದಮ್ಮ, ನೋಡಿದ್ವಿ, ತುಂಬಾ ಚೆನ್ನಾಗಿತ್ತು ಅಂದು ಫೋನ್ ಇಟ್ಟರು. ನನ್ನನ್ನು ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ಇವತ್ತು ಬೆಳಿಗ್ಗೆ ನಾನೇ ಮಾತು ತೆಗೆದು, ಹೊರಗೆ ಒಳ್ಳೆ ಬಿಸಿಲಿದೆ ಅಂದೆ. ಇವರು ಗೋಡೆ ತಡವಿಕೊಂಡು ಕಿಟಕಿಯವರೆಗೆ ಹೋಗಿ, ಕೈ ಹೊರಗೆ ಚಾಚಿ ನೋಡಿದರು.