ಇಸ್ತ್ರಿ ತಾಗಿದ ಕೆಂಪು ಡಾಲರ್

ಜಾರ್ಜ್‌ಟೌನ್, ಗಯಾನಾ
ಮಂಗಳವಾರ, 14 ಜೂನ್ 1994

ನನ್ನ ಮುದ್ದು ಅಮ್ಮನಿಗೆ,

ನ್ಯೂ ಆಮ್‌ಸ್ಟರ್‌ಡ್ಯಾಮಿನ ನರ್ಸುಗಳ ಟೋಪಿಗಳನ್ನೆಲ್ಲ ಗರಿಗರಿಯಾಗಿ ನಿಲ್ಲಿಸುವ ನಿನ್ನ ಎರಡೂ ಕೈಗಳಿಗೆ ಹತ್ತತ್ತು ಮುತ್ತು.

ಮದುವೆಯಾಗಿ ಇವತ್ತಿಗೆ ಅರವತ್ತಾರು ದಿನ. ಲೆನಾಕ್ಸ್ ಕೆಲಸ ಮುಗಿಸಿ ಬರುವಾಗ ಬೀದಿಯ ತಿರುವಿನಲ್ಲೇ ಶಿಳ್ಳೆ ಹಾಕುತ್ತಾನೆ, ನಾನು ಒಲೆಯನ್ನು ಮರೆತು ಮೆಟ್ಟಿಲಿಳಿದು ಓಡುತ್ತೇನೆ. ಎರಡು ಸಲ ಅನ್ನ ಸೀದಿದೆ. "ಪ್ರೀತಿ ತಳ ಹಿಡಿದ್ರೆ ಪಾತ್ರೆ ತಿಕ್ಕೋಳು ನಾನಲ್ಲ, ಹೇಳಿರ್ತೀನಿ," ಅಂದರು ಅತ್ತೆ ವಿನೆಟ್. ಹೇಳಿ, ತಿಕ್ಕಿದವರೂ ಅವರೇ. ಇಷ್ಟು ಸಂತೋಷ ಒಬ್ಬಳಿಗೇ ಸಿಗಬಹುದೇ ಎಂದು ನನಗೆ ಒಮ್ಮೊಮ್ಮೆ ಭಯವಾಗುತ್ತದೆ.

ಆದರೆ ಅಮ್ಮ, ಇವತ್ತು ಬರೆಯುತ್ತಿರುವುದು ಅದನ್ನಲ್ಲ. ನಾನೊಂದು ತಪ್ಪು ಮಾಡಿದ್ದೇನೆ.

ಮಾವ ಆಸ್ರಿಕ್ ಮನೆಯ ಕೆಳಗಿನ ಕೋಣೆಯಲ್ಲಿ ಹಳೆಯ ನೋಟುಗಳ ಬೆಲೆ ಕಟ್ಟುತ್ತಾರೆಂದು ನಿನಗೆ ಗೊತ್ತು. ಜನ ಬಿಸ್ಕತ್ತಿನ ಡಬ್ಬಿಯಿಂದ, ಸತ್ತ ಅಜ್ಜಿಯ ಹಾಸಿಗೆಯಿಂದ ತೆಗೆದ ನೋಟುಗಳನ್ನು ತರುತ್ತಾರೆ. ಅವರು ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ದೇಶ ಸ್ವತಂತ್ರವಾದ ವರ್ಷ ಅವರಿಗೆ ಬ್ಯಾಂಕಿನ ಕಿಟಕಿಯಲ್ಲಿ ಏಳು ಹೊಸ ಒಂದು ಡಾಲರ್ ನೋಟುಗಳು ಸಿಕ್ಕಿದ್ದವಂತೆ. ಕೆಂಪು ಬಣ್ಣ, ನಡುವೆ ನಮ್ಮ ಜಲಪಾತ, ಸಂಖ್ಯೆಗಳು ಒಂದರ ಹಿಂದೆ ಒಂದು. ಅವನ್ನು ಖರ್ಚು ಮಾಡಲಿಲ್ಲ, ಮಡಚಲೂ ಇಲ್ಲ. ಆಲ್ಬಮ್ಮಿನಲ್ಲಿ ಏಳು ಲಕೋಟೆ, ನಾನು ನೋಡಿದಾಗ ಆರರಲ್ಲಿ ನೋಟು. ಮೊದಲನೆಯದು ಖಾಲಿ.

ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಾರ್ಬಡೋಸಿನಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ಅದಕ್ಕಾಗಿ ಆ ಆರನ್ನು ಮಾರಲು ಒಪ್ಪಿದರು. ಟೊರಾಂಟೊದಲ್ಲಿ ನೆಲೆಸಿರುವ ನಮ್ಮವರೇ ಆದ ಗಿಟನ್ಸ್ ಎಂಬ ಸಂಗ್ರಾಹಕರು ಶನಿವಾರ ಬರುವವರಿದ್ದರು. ಶುಕ್ರವಾರ ಮನೆಯವರೆಲ್ಲ ಒಂದು ಸಾವಿಗೆ ಹೋಗಿದ್ದಾಗ ನಾನು ಆಲ್ಬಮ್ ತೆರೆದೆ. ಸಮುದ್ರದ ತೇವಕ್ಕೆ ನೋಟುಗಳ ಮೇಲೆ ಚಹಾ ಚೆಲ್ಲಿದಂಥ ಚುಕ್ಕೆ, ಒಂದೆರಡರ ಮೂಲೆ ಸೊಟ್ಟ. ಅತಿಥಿ ಬಂದಾಗ ಮೇಜಿನ ಬಟ್ಟೆಯನ್ನೇ ಹೀಗೆ ಹಾಸದವಳು ನೀನು. ನಾನು ನಿನ್ನ ಮಗಳು.

ಕರೆಂಟು ಇರಲಿಲ್ಲ. ನಿನ್ನಂತೆಯೇ ಇದ್ದಿಲ ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸಿದೆ. ಮರಗೆಣಸಿನ ಗಂಜಿಯನ್ನು ತೆಳ್ಳಗೆ ಕದಡಿ, ಒಂದೊಂದೇ ನೋಟನ್ನು ಅದ್ದಿ, ಎರಡು ಕರವಸ್ತ್ರಗಳ ನಡುವೆ ಇಟ್ಟು ಒತ್ತಿದೆ. ಚುಕ್ಕೆಗಳು ಹೋದವು. ಎಷ್ಟು ಚಂದ ಬಂದವೆಂದರೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ.

ಶನಿವಾರ ಗಿಟನ್ಸ್ ನೋಟುಗಳನ್ನು ನೋಡಿ, "ಮೊನ್ನೆ ಅಚ್ಚಾದಂಗಿದೆ, ಆಸ್ರಿಕ್," ಅನ್ನುತ್ತಾ ಕೋಟಿನ ಜೇಬಿಗೆ ಕೈ ಹಾಕಿದರು. ಮಾವ ಕೊನೆಯದಾಗಿ ಒಂದು ನೋಟಿನ ಮೇಲೆ ಹೆಬ್ಬೆರಳು ಸವರಿದರು. ಹೊಸ ನೋಟಿನ ಶಾಯಿ ಬೆರಳಿಗೆ ಉಬ್ಬುಬ್ಬಾಗಿ ಸಿಗುತ್ತದಂತೆ. ಇದರಲ್ಲಿ ಸಿಗಲಿಲ್ಲ. ಮೂಗಿನ ಹತ್ತಿರ ಹಿಡಿದರು.

"ಗಂಜಿ. ಯಾರು ಮಾಡಿದ್ದು?"

ಅತ್ತೆ ನನ್ನ ಮುಖ ನೋಡಿ, "ನಾನೇ. ಏನೀಗ?" ಅಂದರು.

"ಇಪ್ಪತ್ತೇಳು ವರ್ಷದಿಂದ ನನ್ನ ಅಂಗಿ ಕಾಲರ್ ನೆಟ್ಟಗೆ ಮಾಡಕ್ಕೆ ಬರಲಿಲ್ಲ ನಿಂಗೆ, ಸುಮ್ನಿರೆ."

ಆಮೇಲೆ ಪೆನ್ಸಿಲ್ ತೆಗೆದು, ಕಣ್ಣನ್ನು ಕಾಗದಕ್ಕೆ ಮುಟ್ಟಿಸುವಷ್ಟು ಬಾಗಿ, ಆರೂ ಲಕೋಟೆಗಳ ಮೇಲೆ "ತೊಳೆದದ್ದು, ಇಸ್ತ್ರಿಯಾದದ್ದು" ಎಂದು ತಾವೇ ಬರೆದರು. ಹಾಗೆ ಬರೆದ ಮೇಲೆ ನೋಟಿಗೆ ಹತ್ತರಲ್ಲೊಂದು ಬೆಲೆಯೂ ಇಲ್ಲ. ಗಿಟನ್ಸ್, "ನಾನು ಗಮನಿಸ್ತಾನೇ ಇರ್ಲಿಲ್ಲವಲ್ಲ ಮಾರಾಯ," ಅಂದರು. "ನನ್ನ ಕಣ್ಣು ಮಂಜಾಯ್ತು ಅಂತ ನಿನ್ನ ಕಣ್ಣಿಗೆ ಮಣ್ಣು ಹಾಕಕ್ಕಾಗುತ್ತಾ?" ಅಂದರು ಮಾವ. ಗಿಟನ್ಸ್ ಹೊರಡುವಾಗ, ಏಳರಲ್ಲಿ ಮೊದಲನೆಯದು ಇದ್ದಿದ್ದರೆ ಅದೊಂದಕ್ಕೇ ಆರರ ಹಣ ಕೊಡುತ್ತಿದ್ದೆ ಎಂದರು. ಅದರ ಸಂಖ್ಯೆ ಐದು ಸೊನ್ನೆ, ಕೊನೆಗೆ ಒಂದು, ಅಂಥದ್ದು ಸಿಗುವುದೇ ಇಲ್ಲವಂತೆ. ಬರುವ ಭಾನುವಾರ ಅವರು ವಿಮಾನ ಹತ್ತುತ್ತಾರೆ.

ಸಂಜೆ ಮೆಟ್ಟಿಲ ಮೇಲೆ ಮಾವನ ಪಕ್ಕ ಕೂತು ಎಲ್ಲ ಒಪ್ಪಿಕೊಂಡೆ. "ಗೊತ್ತು ಮಗಳೇ. ಮೂಲೆ ಅಷ್ಟು ಚೊಕ್ಕ ಮಾಡೋಳು ಈ ಮನೇಲಿ ಇನ್ಯಾರಿದಾರೆ? ಕೆಲ್ಸ ಚೆನ್ನಾಗಿತ್ತು. ನೋಟು ಹೋಯ್ತು," ಅಂದರು. ಬೈದಿದ್ದರೆ ಅಳು ನಿಲ್ಲುತ್ತಿತ್ತು.

ಆ ಮೊದಲ ನೋಟು ಎಲ್ಲಿ ಎಂದು ಕೇಳಿದೆ. ಅವರು ಮಾತು ತಿರುಗಿಸಿದರು. ಹೇಳಿದವರು ಅತ್ತೆ.

ಅಮ್ಮ, ಮದುವೆಯ ಹಿಂದಿನ ರಾತ್ರಿಯ ನನ್ನ ಕ್ವೇಕ್ವೇ ನೆನಪಿದೆಯೇ? ಗಂಡಿನವರು ಹಾಡುತ್ತಾ ನನ್ನನ್ನು ಕೊಳ್ಳಲು ಬಂದಾಗ ಅವರು ಕೊಟ್ಟ ಹಣವನ್ನೆಲ್ಲ ನೀನು ತಳ್ಳಿ, "ಇದು ನನ್ನ ಮಗಳ ಕಿರುಬೆರಳಿಗೂ ಸಾಲಲ್ಲ," ಅಂದೆ. ಕೊನೆಗೆ ಮಾವ ಎದೆಯ ಜೇಬಿನಿಂದ ಒಂದು ಕೆಂಪು ಡಾಲರ್ ತೆಗೆದು ನಿನ್ನ ಕೈಯಲ್ಲಿಟ್ಟರು. "ಒಂದ್ ಡಾಲರ್‌ಗೆ ಈಗ ಪೆಪ್ಪರ್‌ಮಿಂಟೂ ಬರಲ್ಲ," ಅಂತ ನಮ್ಮ ಚಿಕ್ಕಮ್ಮಂದಿರು ನಕ್ಕರು. ನೀನು ತುಟಿ ಬಿಗಿದು ತೆಗೆದುಕೊಂಡೆ. ಅವತ್ತಿನಿಂದ ಮಾವನ ಜೊತೆ ಮಾತಾಡಿಲ್ಲ.

ಅದೇ ಅಮ್ಮ, ಆ ಮೊದಲನೆಯದು.

ಯಾಕೆ ಹೇಳಲಿಲ್ಲ ಎಂದು ಮಾವನನ್ನು ಕೇಳಿದೆ. "ಬೆಲೆ ಹೇಳಿ ಕೊಟ್ರೆ ಜಂಬ ಆಗುತ್ತೆ." ಅದನ್ನು ವಾಪಸ್ ಕೇಳಲೇ ಅಂದರೆ ಒಪ್ಪುವುದಿಲ್ಲ. "ಕೊಟ್ಟ ಬೆಲೆ ವಾಪಸ್ ತಗೊಂಡ್ರೆ ಹುಡುಗೀನೂ ವಾಪಸ್ ಕಳಿಸ್ಬೇಕಾಗುತ್ತೆ. ಅದಾಗಲ್ಲ."

ಹಾಗಾಗಿ ಅವರಿಗೆ ತಿಳಿಸದೆ ಬರೆಯುತ್ತಿದ್ದೇನೆ. ಅದು ನಿನ್ನದು. ಕೇಳುವ ಹಕ್ಕು ನನಗಿಲ್ಲ. ಅವರು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ನೀನೇ ಬಂದು ಗಿಟನ್ಸ್‌ಗೆ ಮಾರಿದರೆ ಯಾರು ತಡೆಯುತ್ತಾರೆ? ಬೀಗರ ಕಣ್ಣಿನ ಖರ್ಚಿಗೆ ಬೀಗಿತಿ ಹಣ ಕೊಡಬಾರದೆಂಬ ಪದ್ಧತಿ ನಮ್ಮಲ್ಲಿ ಇಲ್ಲ. ಗುರುವಾರ ಮೊದಲ ದೋಣಿಗೆ ನಾನೇ ನಿನ್ನನ್ನು ಕರೆದೊಯ್ಯಲು ಬರುತ್ತೇನೆ.

ನಿನ್ನ ದುಬಾರಿ ಮಗಳು,
ಯೂಲಿನ್

ಮರೆತ ಮಾತು: ಕ್ವೇಕ್ವೇಯಲ್ಲಿ ಬಂದ ನೋಟುಗಳನ್ನೆಲ್ಲ ತೊಳೆದು ಇಸ್ತ್ರಿ ಮಾಡಿ ಬೈಬಲಿನಲ್ಲಿ ಇಟ್ಟಿದ್ದೇನೆ ಎಂದು ನೀನು ಈಸ್ಟರ್ ಆದ ಮೇಲೆ ಬರೆದಿದ್ದೆ. ಆ ಕೆಂಪು ಡಾಲರಿನ ಹೆಸರು ಮಾತ್ರ ಎತ್ತಿರಲಿಲ್ಲ. ನೀನು ಗೌರವ ಕೊಡುವುದಕ್ಕೆಲ್ಲ ಇಸ್ತ್ರಿ ಹಾಕುತ್ತೀ, ಅದು ನನಗೆ ಗೊತ್ತು. ದೇವರ ದಯೆಯಿಂದ ಅವತ್ತು ನಿನಗೆ ಮಾವನ ಮೇಲೆ ತುಂಬಾ ಸಿಟ್ಟು ಬಂದಿರಲಿ.