ಕಪ್ಪು ಅಂಚಿನೊಳಗೆ ನನ್ನ ಹೆಸರು

ಪ್ರಾಗ್, ೧೨ ನವೆಂಬರ್ ೧೯೧೩, ಬುಧವಾರ

ಇಂದು ಬೆಳಿಗ್ಗೆ ಎಂಟಕ್ಕೆ ನಾನು ದಿವಂಗತನಾದೆ. ನಮ್ಮ ವಿಮಾ ಕಚೇರಿಯ ಸೂಚನಾ ಫಲಕಕ್ಕೆ ಕಪ್ಪು ಅಂಚಿನ ಮರಣಪತ್ರವನ್ನು ತಮಾಷೆಗೆಂದು ನನ್ನ ಕೈಯಾರೆ ಅಂಟಿಸಿದೆ: "ಮೂರನೇ ಮಹಡಿಯ ಗುಮಾಸ್ತ, ಇಪ್ಪತ್ತಮೂರು ವರ್ಷದ ಶ್ರೀಮಾನ್ ವಿಲೆಮ್ ಸೋವಾ ನಿನ್ನೆ ಪರಂಧಾಮವನ್ನೈದಿದರು." ಜನ ಸೇರಿದಾಗ ಟೋಪಿ ತೆಗೆದು, ಬಾಗಿ, ಸಂತಾಪಕ್ಕೆ ವಂದನೆ ಸಲ್ಲಿಸಬೇಕೆಂದು ಘನವಾದ ಭಾಷಣವನ್ನೂ ಕಟ್ಟಿಕೊಂಡಿದ್ದೆ.

ಜನರೇನೋ ಸೇರಿದರು. "ಅಯ್ಯೋ, ಎಳೇ ವಯಸ್ಸು!" ಅಂದಳು ಟೈಪಿಸ್ಟ್ ಜ್ದೆಂಕಾ. ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಮೂರು ವರ್ಷದಿಂದ ನನ್ನ ಎದುರು ಮೇಜಿನಲ್ಲಿ ಕೂರುವ ಹೂಲ್ಕಾ ಸಾಹೇಬರು ಓದಿ ಮುಗಿಸಿ ನನ್ನತ್ತ ತಿರುಗಿದರು.

"ಏನ್ರೀ ಕಿಟಕಿ, ಯಾರ್ರೀ ಇವ್ನು ಸೋವಾ? ನಮ್ಮ ಮಹಡಿಯವ್ನಂತೆ!"

ಕಿಟಕಿಯ ಪಕ್ಕ ಕೂರುವುದರಿಂದ ಅಲ್ಲಿ ನನ್ನನ್ನು ಹಾಗೆಯೇ ಕರೆಯುತ್ತಾರೆ. ಮೊದಲ ವಾರ ನಾನೂ ಅದಕ್ಕೆ ನಕ್ಕಿದ್ದೆ.

ನನ್ನನ್ನೇ ಆಟವಾಡಿಸುತ್ತಿದ್ದಾರೇನೋ ಎಂದು ಅವರ ಮುಖವನ್ನು ದಿಟ್ಟಿಸಿದೆ. ಅಲ್ಲಿದ್ದದ್ದು ನಿಜವಾದ ಮರುಕ. ತೆಗೆಯಲು ಹೊರಟ ಟೋಪಿಯನ್ನು ಮತ್ತೆ ತಲೆಗೆ ಒತ್ತಿಕೊಂಡೆ.

"ನಿಮಗೆ ಪರಿಚಯ ಇತ್ತೇನ್ರೀ?"

"ಅಷ್ಟೇನಿಲ್ಲ, ಸಾಹೇಬ್ರೇ."

"ಪಾಪ ಕಣ್ರೀ. ಯಾರ ಮನೆ ಮಗನೋ ಏನೋ," ಎಂದು ನನ್ನ ಹೆಗಲು ತಟ್ಟಿ ಮೆಟ್ಟಿಲು ಹತ್ತಿದರು. ಇಡೀ ಮಧ್ಯಾಹ್ನ ಎದುರುಬದುರು ಕೂತು ಕಡತ ಬರೆದೆವು. ನಡುವೆ ಒಮ್ಮೆ ಅವರು ನಿಟ್ಟುಸಿರಿಟ್ಟರು. ಸೋವಾನಿಗಾಗಿಯೇ ಇರಬೇಕು.

ನಾಳೆ ಹೋಗಿ ನಿಜ ಹೇಳಿಬಿಡಬೇಕು. ಆದರೆ ಹೇಳಿದರೆ, ಆ "ಪಾಪ"ವನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮೂರು ವರ್ಷದಲ್ಲಿ ಅಲ್ಲಿ ನನ್ನ ಹೆಸರು ಹಿಡಿದು ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ.